ಅಕ್ಕಿಕಾಳಿನ ವೇಗ

ಅಳೆದು ತೋರಿಸಿದರೆ ಯಾರಾದರೂ ಒಪ್ಪುತ್ತಾರೆ. ಶಾಲೆಯಲ್ಲಿ ವಿಜ್ಞಾನವನ್ನೂ, ಯಾರೂ ಕೇಳದಿದ್ದಾಗ ವ್ಯಾಕರಣವನ್ನೂ ಬೋಧಿಸಿದ ನನಗೆ ಈ ವಿಷಯದಲ್ಲಿ ಲವಲೇಶವೂ ಸಂಶಯವಿರಲಿಲ್ಲ. ಆದ್ದರಿಂದ ನನ್ನ ಹೆಂಡತಿ ವಿಮಲೆಯ ಅಣ್ಣನ ಮಗಳು ಮೇಘಾ, ತನ್ನ ಮದುವೆಯ ಸಡಗರದ ನಡುವೆ ಸಪ್ಪೆ ಮುಖ ಹೊತ್ತು ತಾರ್ನಾಕದ ನಮ್ಮ ಮನೆಗೆ ಬಂದಾಗ, ಅವಳ ಸಮಸ್ಯೆ ಬಗೆಹರಿಯಿತೆಂದೇ ಭಾವಿಸಿದೆ.

"ಮಾಮಾ, ನಾ ಲಗ್ನ ಆಗೋರಿಗೆ ಈಗಷ್ಟ ಕಣ್ಣಿನ ಆಪರೇಷನ್ ಆಗೇತಿ. ಕಣ್ಣಾಗ ಏನೂ ಬೀಳಬಾರದು ಅಂತ ಡಾಕ್ಟರ್ ಹೇಳ್ಯಾರ. ಅಪ್ಪ ನೋಡಿದ್ರ ಅಕ್ಕಿಕಾಳು ಒಗೀಲಿಕ್ಕೇ ಬೇಕು ಅಂತಾನ. ಕರೀ ಚಷ್ಮಾ ಹಾಕ್ಕೋತಾರ ಅಂದ್ರ ಅದಕ್ಕೂ ಒಲ್ಲೆ ಅಂತಾನ."

ನಮ್ಮ ಕಡೆಯ ಮದುವೆಗಳಲ್ಲಿ ಮಂಗಲಾಷ್ಟಕದ ಪ್ರತಿ ಶ್ಲೋಕದ ಕೊನೆಗೆ ಭಟ್ಟರು ‘ಸಾವಧಾನ’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದೊಡನೆ ಬಂಧುಬಳಗವೆಲ್ಲ ಕುಳಿತಲ್ಲಿಂದಲೇ ವಧೂವರರ ಮೇಲೆ ಅಕ್ಷತೆ ಎಸೆಯುತ್ತದೆ. ಅದೂ ಅಕ್ಕಿಯಲ್ಲ, ಅರಿಶಿನ ಹಚ್ಚಿದ ಜೋಳ. ಅಕ್ಕಿಕಾಳು ಎಂಬುದು ಹೆಸರಿಗೆ ಮಾತ್ರ.

ನಾನು ಮೇಘಾಳ ತಂದೆ ಪ್ರಹ್ಲಾದರಾಯರಿಗೆ ಫೋನ್ ಮಾಡಿದೆ.

"ಅಕ್ಕಿಕಾಳು ಒಗೀಲಾರದ ಲಗ್ನ ಎಂಥಾ ಲಗ್ನರೀ, ಮಾಸ್ತರ? ಅವು ಹೂವಿನಂಗ ಬೀಳ್ತಾವ."

"ಹೂವಿನಂತೆಯೋ ಗುಂಡಿನಂತೆಯೋ ಎಂಬುದನ್ನು ಅಳೆದು ತೋರಿಸುತ್ತೇನೆ."

"ತೋರಿಸ್ರಿ. ಮೊದಲನೇ ಶ್ಲೋಕಕ್ಕ ಭಾಳ ಜೋರು ಬಂದುವು ಅಂತ ಖಾತ್ರಿ ಆದ್ರ, ಮುಂದ ಒಗಿಯೋದು ನಾನ ನಿಲ್ಲಿಸ್ತೀನಿ. ಎಲ್ಲಾರೂ ಬಂದು ತಲೀ ಮ್ಯಾಲೆ ಇಟ್ಟು ಹೋಗ್ಲಿ."

ಇದಕ್ಕಿಂತ ನ್ಯಾಯಸಮ್ಮತವಾದ ಒಪ್ಪಂದ ಇನ್ನೊಂದಿಲ್ಲ. ಕೋಠಿಯ ಅಂಗಡಿಗಳಿಂದ ಸಾಮಾನು ತಂದು ಯಂತ್ರ ನಿರ್ಮಿಸಿದೆ. ಒಂದರ ಹಿಂದೊಂದು, ಒಂದು ಗೇಣು ಅಂತರದಲ್ಲಿ, ಆಳೆತ್ತರದ ಎರಡು ಮರದ ಚೌಕಟ್ಟುಗಳು. ಪ್ರತಿಯೊಂದರ ಒಂದು ಬದಿಗೆ ಪುಟ್ಟ ದೀಪಗಳ ಸಾಲು, ಎದುರು ಬದಿಗೆ ಸೆನ್ಸರುಗಳ ಸಾಲು. ಕಾಳು ಹಾದುಹೋದರೆ ನೆರಳು ಬೀಳುತ್ತದೆ. ಮೊದಲ ಚೌಕಟ್ಟಿನ ನೆರಳಿಗೂ ಎರಡನೆಯದರ ನೆರಳಿಗೂ ನಡುವಿನ ಸಮಯದಿಂದ ವೇಗ ಲೆಕ್ಕವಾಗಿ, ಮೇಲಿನ ಫಲಕದಲ್ಲಿ ಕೆಂಪು ಅಂಕಿಗಳಾಗಿ ಹೊಳೆಯುತ್ತದೆ.

ಪರೀಕ್ಷೆಗೆ ವಿಮಲೆಯ ಕೈಗೆ ಜೋಳ ಕೊಟ್ಟೆ. ಕೂಡಲೇ ಫಲಕ ಹೊಳೆಯಿತು. "ಅದ್ಭುತವಾಗಿ ಎಸೆದೆ," ಎಂದೆ.

"ನಾ ಇನ್ನೂ ಕೈನ ಎತ್ತಿಲ್ರಿ."

ಯಂತ್ರವು ನಮ್ಮ ಟ್ಯೂಬ್‌ಲೈಟಿನ ಮಿಣುಕನ್ನು ಅಳೆದಿತ್ತು. ಸೆನ್ಸರುಗಳಿಗೆ ಕಪ್ಪು ಕಾಗದದ ಕೊಳವೆ ತೊಡಿಸಿದ ಬಳಿಕ ಅದು ದಾರಿಗೆ ಬಂತು. ವಿಮಲೆ ಒಂದೊಂದೇ ಕಾಳು ಎಸೆದಳು. ಯಂತ್ರ ಒಂದೊಂದಕ್ಕೂ ಮರ್ಯಾದಸ್ಥ ಉತ್ತರ ಕೊಟ್ಟಿತು.

"ಖರೇ, ಲಗ್ನದಾಗ ಒಂದೊಂದ ಕಾಳು ಯಾರು ಒಗೀತಾರ?"

"ಪ್ರಯೋಗದ ನಡುವೆ ಅಪ್ರಸ್ತುತ ಪ್ರಶ್ನೆ ಕೇಳಬಾರದು," ಎಂದೆ.

ಮದುವೆಯ ದಿನ ಯಂತ್ರವನ್ನು ವೇದಿಕೆಯ ಮುಂದೆ ನೆಲದ ಮೇಲೆ, ಅತಿಥಿಗಳ ಎದುರು ನಿಲ್ಲಿಸಿ ಕೈತೊಳೆಯಲು ಹೋದೆ. ಮರಳುವಷ್ಟರಲ್ಲಿ ಅಲಂಕಾರದವನು ಅದಕ್ಕೆ ಚೆಂಡುಹೂವಿನ ಮಾಲೆಗಳನ್ನು ಇಳಿಬಿಟ್ಟಿದ್ದ. "ಫಿಕರ್ ನಕ್ಕೋ ಸಾಬ್, ಗೇಟ್ ಚಮಕಾ ದಿಯಾ," ಎಂದ. ಚಿಂತೆ ಬೇಡ, ಗೇಟನ್ನು ಮಿಂಚಿಸಿದ್ದೇನೆ ಎಂದರ್ಥ. ಬೀಗರ ಕಡೆಯ ಹಿರಿಯರೊಬ್ಬರು ಅದನ್ನು ತಪಾಸಣೆಯ ಬಾಗಿಲೆಂದು ತಿಳಿದು, ಕಿಸೆಯ ಬೀಗದಕೈ ನನ್ನ ಕೈಗಿತ್ತು, ಎರಡೂ ತೋಳೆತ್ತಿ ಗಂಭೀರವಾಗಿ ಒಳಹೊಕ್ಕರು. ಫಲಕವು ಅವರ ವೇಗವನ್ನು ಘೋಷಿಸಿತು.

ಅಷ್ಟರಲ್ಲಿ ಮಂಗಲಾಷ್ಟಕ ಆರಂಭವಾಯಿತು. ಮಾಲೆ ಬಿಚ್ಚಲು ಸಮಯವಿರಲಿಲ್ಲ. ಫ್ಯಾನಿನ ಗಾಳಿಗೆ ಅದು ತೂಗಿ ನೆರಳು ಬೀಳಿಸುತ್ತಿದ್ದುದರಿಂದ, ನಾನು ಚೌಕಟ್ಟಿನ ಮುಂದೆ ಮಂಡಿಯೂರಿ, ಅತಿಥಿಗಳತ್ತ ಮುಖ ಮಾಡಿ, ಎರಡೂ ಕೈಗಳಿಂದ ಮಾಲೆಗಳನ್ನು ಬದಿಗೆ ಹಿಡಿದು ಕುಳಿತೆ.

"ಸಾವಧಾನ!"

ಕಾಳುಗಳು ಹಿಡಿಹಿಡಿಯಾಗಿ ಬಂದವು. ಮೊದಲ ಚೌಕಟ್ಟು ಒಂದು ಕಾಳನ್ನು ಕಂಡಿತು. ಮರುಕ್ಷಣವೇ ಎರಡನೆಯದು ಬೇರೊಂದನ್ನು ಕಂಡಿತು. ಇವೆರಡೂ ಒಂದೇ ಎಂದು ಯಂತ್ರ ನಂಬಿತು. ಫಲಕದಲ್ಲಿ ವಿಮಾನಕ್ಕೂ ನಾಚಿಕೆಯಾಗುವಂಥ ವೇಗ ಮೂಡಿತು.

ಪ್ರಹ್ಲಾದರಾಯರು ವೇದಿಕೆಯಿಂದ ಬಾಗಿ ನೋಡಿದರು. "ಮಾಸ್ತರ, ಮುಂದಿನ ಸಾಲಿನಾಗ ನಮ್ಮ ಅತ್ತಿ ಕುಂತಾಳ. ಆಕೀಗೆ ಲೋಟಾ ಎತ್ತಲಿಕ್ಕೆ ಬರೂದಿಲ್ಲ. ಇದನ್ನ ನಂಬಿ ನಾ ಒಗಿಯೋದು ನಿಲ್ಲಿಸ್ಲಿ?"

ಒಪ್ಪಂದ ಮುರಿಯಿತು. ಅದಕ್ಕಿಂತ ಘೋರವಾದುದೆಂದರೆ, ಅತಿಥಿಗಳಿಗೆ ಫಲಕದ ಅರ್ಥ ತಿಳಿಯಿತು.

"ಏ, ಅದರಾಗ ನಂಬರ್ ಬರ್ತಾವ ನೋಡೋ!"

"ಸರೀರಿ, ನಂದೂ ನೋಡೂಣು."

ಎರಡನೆಯ ‘ಸಾವಧಾನ’ಕ್ಕೆ ಕುಳಿತವರು ನಿಂತರು. ಮೂರನೆಯದಕ್ಕೆ ಕೆಲವರು ಹಿಂದಿನಿಂದ ಓಡಿಬಂದು ಎಸೆದರು. "ನಿನಗ ಉಪ್ಪಲ್ ಕ್ರಿಕೆಟ್ ಸ್ಟೇಡಿಯಂನೇ ಸರಿ ನೋಡಪಾ," ಎಂದು ಯಾರೋ ಯಾರನ್ನೋ ಹೊಗಳಿದರು. ಎಲ್ಲರ ಗುರಿಯೂ ಚೌಕಟ್ಟೇ. ಚೌಕಟ್ಟಿನ ಮುಂದೆ, ಎರಡೂ ಕೈ ತುಂಬಾ ಹೂವು ಹಿಡಿದು, ಮುಖ ಮುಚ್ಚಿಕೊಳ್ಳಲು ಮೂರನೆಯ ಕೈಯಿಲ್ಲದ ನಾನು. ಅಕ್ಷತೆಯ ವೇಗದ ಬಗ್ಗೆ ನನಗಿದ್ದ ಅಭಿಪ್ರಾಯ ಸರಿಯೆಂದು ಹಣೆ, ಮೂಗು, ಕೊನೆಗೆ ಎರಡೂ ಕಣ್ಣುಗಳು ದೃಢೀಕರಿಸಿದವು.

ತಾಳಿ ಕಟ್ಟಿದ ಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಮದುಮಗನ ಮೇಲೆ ಒಂದು ಕಾಳೂ ಬಿದ್ದಿರಲಿಲ್ಲವಂತೆ. ಆತನೇ ತನ್ನ ಕಣ್ಣಿನ ಔಷಧಿಯ ಶೀಶೆ ಹಿಡಿದು ಬಂದ.

"ಮಾಮಾ, ಸ್ವಲ್ಪ ಮ್ಯಾಲೆ ನೋಡ್ರಿ. ಉರಿಯಂಗಿಲ್ಲ."

ಉರಿಯಿತು. ಪಕ್ಕದಲ್ಲಿ ಮೇಘಾ ನಗುತ್ತಿದ್ದಳು. ಬಹಳ ದಿನಗಳ ಮೇಲೆ ಕೇಳಿದ ನಗೆಯಾದ್ದರಿಂದ ಸಹಿಸಿಕೊಂಡೆ. ವಿಮಲೆ ನನ್ನ ಕೂದಲಿನಿಂದ ಜೋಳ ಆರಿಸುತ್ತಿದ್ದಳು.

ಪ್ರಹ್ಲಾದರಾಯರು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಮಾಸ್ತರ, ನಮ್ಮ ಸಣ್ಣ ಮಗಳ ಲಗ್ನಕ್ಕೂ ತಪ್ಪದ ಬರಬೇಕು ನೀವು."

"ಅವಶ್ಯವಾಗಿ. ಅಷ್ಟರೊಳಗೆ ಯಂತ್ರವನ್ನು ಪರಿಷ್ಕರಿಸಿರುತ್ತೇನೆ."

"ಯಂತ್ರ ಬ್ಯಾಡ್ರಿ," ಎಂದರು. "ನೀವಷ್ಟ ಮುಂದ ಕುಂತ್ರ ಸಾಕು."