ನಾಲ್ಕು ಚಕ್ರ, ನಾಲ್ಕು ಚಿಪ್ಪು

ಕಾರು ಕೊಂಡವರು ಲೋಕದಲ್ಲಿ ಕೋಟಿಗಟ್ಟಲೆ ಇದ್ದಾರೆ. ಕಾರಿನ ಚಕ್ರಗಳನ್ನು ಹೀಗೆ ಹಚ್ಚಿಕೊಂಡವರು ಮಾತ್ರ ಈ ಕನ್ನಡಕದಂಗಡಿಯವರೊಬ್ಬರೇ. ಹಗಲೆಲ್ಲ ಊರವರ ಕನ್ನಡಕದ ಗಾಜು ಒರೆಸಿ ಒರೆಸಿ ಅವರ ಕೈಗೆ ಅದೊಂದು ಚಟವಾಗಿಬಿಟ್ಟಿತ್ತು. ಸಂಜೆ ಮನೆಗೆ ಬಂದವರು ಮುಖ ಸಹ ತೊಳೆಯದೆ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅಂಗಡಿಯ ಅದೇ ಮೆತ್ತನೆಯ ಹಳದಿ ಬಟ್ಟೆಯಿಂದ ಚಕ್ರಗಳನ್ನು ತಿಕ್ಕುತ್ತಿದ್ದರು. ಬ್ರೇಕಿನ ಕರಿಪುಡಿ ಸಂದಿಯಲ್ಲಿ ಉಳಿದುಕೊಂಡರೆ ಅದಕ್ಕೆ ಹಲ್ಲುಜ್ಜುವ ಬ್ರಷ್ಷು. (ಯಾರ ಬ್ರಷ್ಷು ಎಂದು ಕೇಳಬೇಡಿ. ಅತ್ತೆಯವರು ಕೇಳಿದರು. ಆಮೇಲೆ ಮಗಳ ಮನೆಯಲ್ಲಿ ರಾತ್ರಿ ಉಳಿಯುವುದನ್ನೇ ಬಿಟ್ಟರು.) ಬೀದಿಯವರು ಅವರಿಗೆ ‘ಚಕ್ರವರ್ತಿ’ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯೂ ಆಗಿತ್ತು.

ಆದರೆ ಸಾಮ್ರಾಜ್ಯವೆಂದ ಮೇಲೆ ಶತ್ರು ಇರಲೇಬೇಕಲ್ಲ? ಮನೆಗೆ ಕಾರು ನಿಲ್ಲಿಸುವ ಜಾಗವಿರಲಿಲ್ಲ. ಬೀದಿಯ ಬದಿಯೇ ಗತಿ. ಅಲ್ಲೇ ಪಕ್ಕದಲ್ಲಿ ಒಂದು ಗುಂಡಿ. ನೀರಿನ ಪೈಪು ಸೋರಿ ಅದರಲ್ಲಿ ಹನ್ನೆರಡು ತಿಂಗಳೂ ಕೆಸರು, ಬೆಳಗಿನ ಲಾರಿಗಳು ಅದಕ್ಕಿಳಿದು ಎರಚಿಕೊಂಡೇ ಹೋಗುತ್ತಿದ್ದವು. ಸಂಜೆ ತಿಕ್ಕಿದ್ದು ಬೆಳಿಗ್ಗೆ ಹೊತ್ತಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತಿತ್ತು. ಅದಕ್ಕೇ ಒಂದು ತಿಂಗಳಿಂದ ಹೆಂಡತಿಯ ಬೆನ್ನು ಬಿದ್ದಿದ್ದರು.

“ಮನೇಲೇ ಟೈಲರ್ ಇಟ್ಕೊಂಡು ನನ್ನ ಚಕ್ರಗಳು ಬರಿಮೈಲಿ ನಿಂತಿವೆಯಲ್ಲೇ. ನಾಲ್ಕು ಕವರ್ ಹೊಲ್ಕೊಡು ಅಂದ್ರೆ ನಿಂಗೇನು ಕಷ್ಟ?”

“ನಾನು ಕೈಕಾಲು ಇರೋರಿಗೆ ಹೊಲಿಯೋಳು. ಇವತ್ತು ಟೈರಿಗೆ ಅಂಗಿ ಹೊಲಿದ್ರೆ ನಾಳೆ ಸ್ಟೇರಿಂಗಿಗೆ ಟೋಪಿ ಅಂತೀರ.”

(ಸ್ಟೇರಿಂಗಿಗೆ ಟೋಪಿ! ಇದು ಅವರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.)

ನಿಜಕ್ಕೂ ಆಕೆಗೆ ಪುರುಸೊತ್ತಿರಲಿಲ್ಲ. ಹದಿನೇಳು ವರ್ಷದಿಂದ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಊರವರ ಪ್ಯಾಂಟಿನ ಕಾಲು ಮೋಟು ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು, ಇಷ್ಟೇ ಆಗಿತ್ತು ಬದುಕು. ಈಗ ಮೊದಲ ಸಲ ಶಾಲೆಯ ಹೆಡ್‌ಮೇಡಂ ಕರೆಸಿ, ಮಕ್ಕಳ ನಾಟಕಕ್ಕೆ ನಾಲ್ಕು ಆಮೆಚಿಪ್ಪು ಹೊಲಿದುಕೊಡಿ ಎಂದಿದ್ದರು. ಮೆಚ್ಚುಗೆಯಾದರೆ ಇನ್ನು ಮುಂದೆ ಶಾಲೆಯ ನಾಟಕದ ವೇಷಗಳೆಲ್ಲ ಆಕೆಯ ಕೈಗೇ. ಇದನ್ನು ಗಂಡನಿಗೆ ಮೂರು ಸಲ ಹೇಳಿದ್ದಳು. ಮೂರು ಸಲವೂ ಅವರು ಚಕ್ರ ತಿಕ್ಕುತ್ತ “ಹೂಂ, ಹೂಂ” ಅಂದಿದ್ದರು.

ನಾಟಕದ ಹಿಂದಿನ ಸಂಜೆ ಅವರು ಮನೆಗೆ ಬಂದಾಗ ಹೆಂಡತಿ ಇರಲಿಲ್ಲ, ದಾರದುಂಡೆ ತರಲು ಹೋಗಿದ್ದಳು. ಮೇಜಿನ ಮೇಲೆ ನಾಲ್ಕು ವಸ್ತುಗಳಿದ್ದವು. ದುಂಡಗಿವೆ. ಒಳಗೆ ಸ್ಪಂಜು, ಸುತ್ತ ಎಲಾಸ್ಟಿಕ್, ಕಟ್ಟಿಕೊಳ್ಳಲು ಎರಡೆರಡು ಪಟ್ಟಿ. ಹಸಿರು ಬಟ್ಟೆಯ ಮೇಲೆ ಕಂದು ಬಣ್ಣದ ತೇಪೆಗಳ ಚಂದದ ವಿನ್ಯಾಸ ಬೇರೆ. ಚಕ್ರವರ್ತಿಗಳು ಒಂದನ್ನು ಎತ್ತಿ ಮೆಲ್ಲಗೆ ಸವರಿದರು. ಬಾಯಲ್ಲಿ ಬೈದರೂ ಎಂಥ ಹೃದಯ ಇವಳದು ಎಂದುಕೊಂಡು, ನಾಲ್ಕನ್ನೂ ಎದೆಗವಚಿಕೊಂಡು ಹೊರಗೆ ಓಡಿದರು. ಒಂದೊಂದು ಚಕ್ರಕ್ಕೂ ತೊಡಿಸಿ, ಪಟ್ಟಿಗಳನ್ನು ಒಳಗೆ ತೂರಿಸಿ ಬಿಗಿಯಾಗಿ ಗಂಟು ಹಾಕಿದರು. ಆಹಾ, ಅಳತೆ ತೆಗೆದು ಹೊಲಿದ ಹಾಗಿತ್ತು.

ಕತ್ತಲಾದ ಮೇಲೆ ಹೆಂಡತಿ ಬಂದವಳೇ ಖಾಲಿ ಮೇಜು ನೋಡಿದಳು. “ರೀ, ಇಲ್ಲಿದ್ದಿದ್ದು?”

“ಜೋಪಾನವಾಗಿ ಇಟ್ಟಿದೀನಿ ಕಣೇ. ಅದೇನು ಕೆಲಸ! ಅದೇನು ಕೈಚಳಕ! ಹೊಲಿಗೆ ಅಂದ್ರೆ ಇದು.”

ಆಕೆ ಅಲ್ಲೇ ಕುರ್ಚಿಯ ಮೇಲೆ ಕೂತಳು. “ಮದ್ವೆ ಆಗಿ ಇಷ್ಟು ವರ್ಷಕ್ಕೆ ಮೊದಲ್ನೇ ಸಲ ನನ್ನ ಕೆಲಸ ಹೊಗಳಿದ್ರಿ ನೀವು” ಎಂದು ಸೆರಗಿಗೆ ಕಣ್ಣೊತ್ತಿಕೊಂಡಳು. ಅವರಿಗೂ ಕಣ್ಣು ತುಂಬಿತು. ಅಂದು ಆ ಮನೆಯಲ್ಲಿ ಇದ್ದಷ್ಟು ಪ್ರೀತಿ ಅದಕ್ಕೂ ಮೊದಲು ಇರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಚೀಲ ಹಿಡಿದು ನಿಂತಳು. “ಕೊಡ್ರೀ, ಹತ್ತಕ್ಕೆ ನಾಟಕ. ಆಮೆ ವೇಷದ ಮಕ್ಕಳು ಕಾಯ್ತಿರ್ತಾರೆ.”

“ಯಾವ ಆಮೆ?”

ಎಂದವರ ಕಣ್ಣು ಮೆಲ್ಲಗೆ ಬೀದಿಯ ಕಡೆ ಹೊರಳಿತು. ಅವರ ಮುಖ ನೋಡಿದ ಹೆಂಡತಿ ಕಿಟಕಿಯಿಂದ ಹೊರಗೆ ಬಗ್ಗಿ ನೋಡಿದಳು. ಬೆಳಗಿನ ಲಾರಿಗಳು ಆಗಲೇ ಹೋಗಿಯಾಗಿತ್ತು. ಬೀದಿ ಕಡೆಯ ಎರಡು ಚಿಪ್ಪಿಗೆ ಗುಂಡಿಯ ಕೆಸರು ನೇರವಾಗಿ ಹಾರಿತ್ತು. ಗೋಡೆ ಕಡೆಯ ಎರಡಕ್ಕೆ ಕಾರಿನಡಿಯಿಂದ ಸಿಡಿದಿತ್ತು.

“ಅಯ್ಯೋ ದೇವ್ರೇ! ಊರಿಗೆಲ್ಲ ಕನ್ನಡಕ ಕೊಡ್ತೀರಲ್ಲ, ಚಿಪ್ಪು ಯಾವ್ದು, ಕವರ್ ಯಾವ್ದು ಅಂತ ಕಾಣ್ಲಿಲ್ವಾ ನಿಮ್ಗೆ? ಹೆಗಲಿಗೆ ಹಾಕೋ ಪಟ್ಟಿ ಕಣ್ರೀ ಅದು!”

“ನಾನು... ನಿನ್ನ ಪ್ರೀತಿ ಅಂತ...”

“ಪ್ರೀತಿಗೆ ಬೆಂಕಿ ಬಿತ್ತು! ಬಿಚ್ಚಿ ಮೊದ್ಲು!”

ಬಿಗಿಯಾಗಿ ಹಾಕಿದ ಗಂಟು, ಮೇಲೆ ಒದ್ದೆ. ಹಲ್ಲಿನಿಂದ ಬಿಚ್ಚಬೇಕಾಯಿತು. (ಚಕ್ರಕ್ಕೆ ಅಷ್ಟು ಹತ್ತಿರ ಅವರ ಬಾಯಿ ಹಿಂದೆಂದೂ ಹೋಗಿರಲಿಲ್ಲ.) ಒಗೆದರೆ ಸ್ಪಂಜು ಸಂಜೆವರೆಗೂ ಒಣಗುವುದಿಲ್ಲ. ಹಾಗೇ ಚೀಲಕ್ಕೆ ತುಂಬಿಕೊಂಡು ಹೊರಟರು. ಕಾರಿನಲ್ಲಿ ಹೆಂಡತಿ ಬೈಯಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಹೊರಗೆ ನೋಡುತ್ತಿದ್ದಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವರಿಗೆ. ತಪ್ಪೆಲ್ಲ ನನ್ನದೆಂದು ಹೆಡ್‌ಮೇಡಂ ಕಾಲಿಗೆ ಬೀಳುವುದೆಂದು ದಾರಿಯಲ್ಲೇ ತೀರ್ಮಾನಿಸಿದರು.

ಹೆಡ್‌ಮೇಡಂ ಒಂದು ಚಿಪ್ಪನ್ನು ತೆಗೆದು ಬೆಳಕಿಗೆ ಹಿಡಿದರು. ತಿರುಗಿಸಿದರು. ಚಕ್ರವರ್ತಿಗಳು ಬೀಳಲು ಬಗ್ಗಿದರು.

“ಏನಮ್ಮಾ ಇದು! ಈಗ ತಾನೇ ಕೊಳದಿಂದ ಎದ್ದು ಬಂದ ಆಮೆ ಥರಾನೇ ಇದೆಯಲ್ಲ! ಈ ಕೆಸರು ಹೇಗಮ್ಮಾ ಮಾಡಿದ್ರಿ?”

ಹೆಂಡತಿ ಬಗ್ಗಿದ್ದ ಗಂಡನನ್ನು ನೋಡಿದಳು. “ಅದು ನಮ್ಮನೆಯವ್ರ ಕೆಲಸ ಮೇಡಂ” ಎಂದಳು.

ನಾಟಕ ಗೆದ್ದಿತು. ವರ್ಷದ ವೇಷಗಳೆಲ್ಲ ಆಕೆಗೇ ಎಂದಾಯಿತು. ಮೊದಲಿಗೆ ಇನ್ನೂ ಎಂಟು ಚಿಪ್ಪು ಬೇಕು, ಕೆಸರು ಮಾತ್ರ ಹಾಗೇ ಇರಬೇಕು. ಹೆಂಡತಿ ಕೈಯಿಂದಲೇ ಬಳಿದು ಒಂದನ್ನು ತೋರಿಸಿದಳು. “ಇದು ಬಳಿದ ಹಾಗಿದೆ, ಅದು ಸಿಡಿದ ಹಾಗಿತ್ತು” ಎಂದು ಮೇಡಂ ವಾಪಸು ಕೊಟ್ಟರು. ಮನೆಗೆ ಬಂದು ಇದನ್ನು ಹೇಳಿದ್ದೇ ತಡ, ಚಕ್ರವರ್ತಿಗಳು ಹೋಗಿ ಕಾರಿನ ಕೀಲಿ ತಂದರು.

ಮರುದಿನ ಬೆಳಿಗ್ಗೆ ಕಾರು ಗುಂಡಿಗೆ ಅಂಟಿಕೊಂಡು ನಿಂತಿತ್ತು. ಬೀದಿ ಕಡೆಯ ಎರಡು ಚಕ್ರಕ್ಕೆ ಎರಡು ಹೊಸ ಚಿಪ್ಪು. ಎಂಟಕ್ಕೆ ಒಟ್ಟು ನಾಲ್ಕು ಪಾಳಿ. ಬಂದ ಮೊದಲ ಲಾರಿ ನಿಧಾನ ಮಾಡಿ ಆಚೆ ಪಕ್ಕಕ್ಕೆ ಸರಿಯಿತು. ಇವರು ಓಡಿಹೋಗಿ ಅಡ್ಡ ನಿಂತು ಕೈಮುಗಿದರು.

“ನಿಮ್ ಕಾರಿಗೆ ಹಾರುತ್ತಲ್ಲ ಸಾರ್, ಅದಕ್ಕೇ ಸುತ್ತಾಕ್ಕೊಂಡು ಹೋಗ್ತಿದೀನಿ” ಎಂದ ಡ್ರೈವರ್.

“ಹಾರ್ಲಿ ಅಂತಾನೇ ನಿಲ್ಸಿರೋದಪ್ಪ. ಗುಂಡಿಗೇ ಇಳ್ಸು. ಸ್ವಲ್ಪ ಜೋರಾಗಿ.”

ಡ್ರೈವರ್ ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ದೇವರು ಒಳ್ಳೆಯದು ಮಾಡಲಿ ಎಂಬಂತೆ ತಲೆಯಾಡಿಸಿ, ಇಳಿಸಿಯೇಬಿಟ್ಟ. ಚಿಪ್ಪಿಗೆ ಹಾರಿತು, ಕಾರಿಗೆ ಹಾರಿತು, ಪಕ್ಕದಲ್ಲೇ ನಿಂತಿದ್ದ ಚಕ್ರವರ್ತಿಗಳ ನೆತ್ತಿಯವರೆಗೂ ಹಾರಿತು. ಅಷ್ಟರಲ್ಲಿ ಕಿಟಕಿಯಿಂದ ಹೆಂಡತಿಯ ಕೂಗು ಕೇಳಿತು.

“ರೀ, ಹಿಂದಿನ ಚಕ್ರದ್ದಕ್ಕೆ ಸಾಲ್ದು! ಇನ್ನೊಂದ್ಸಲ ಬರೋಕೆ ಹೇಳಿ!”

ಅವರು ಕೆಸರು ತುಂಬಿದ ಕನ್ನಡಕವನ್ನು ತೆಗೆದು ಜೇಬಿಗಿಟ್ಟು, ಲಾರಿಯ ಹಿಂದೆ ಹೋಗಿ ನಿಂತು ಎರಡೂ ಕೈ ಬೀಸತೊಡಗಿದರು.

“ಬರ್ಲಿ, ಬರ್ಲಿ... ರಿವರ್ಸ್ ಬರ್ಲಿ... ಇನ್ನೂ ಸ್ವಲ್ಪ ಎಡಕ್ಕೆ... ಚಕ್ರದ ಹತ್ರಾನೇ ಬರ್ಲಿ!”