ಟವೆಲ್ಲಿನ ಕೆಳಗೆ ಕೊಂಡ ಡ್ರಾಯಿಂಗ್ ಟ್ಯಾಬ್ಲೆಟ್

"ನಿನ್ನ ಕಡಿಂದ ಅದು ಆಗೂದಿಲ್ಲ ಬಿಡವ್ವ" ಎಂದವರು ನಮ್ಮ ದೊಡ್ಡಪ್ಪ.

ಅವರು ಹಾಗೆ ಹೇಳಿದ್ದು ಅದೇ ಮೊದಲಲ್ಲ. ನಾನು ಹೈಸ್ಕೂಲಿಗೆ ಹೊರಟಾಗ ಹೇಳಿದ್ದರು, ಹೋದೆ. ಮದುವೆಯಾದ ಮೇಲೆ ಬಿ.ಎ. ಪರೀಕ್ಷೆಗೆ ಕಟ್ಟಿದಾಗ ಹೇಳಿದ್ದರು, ಪಾಸಾದೆ. ಸ್ಕೂಟಿ ಕಲಿಯುವಾಗಲೂ ಹೇಳಿದ್ದರು. ಕಲಿತೆ, ಅಡ್ಡ ಬಂದ ಒಂದು ಎಮ್ಮೆಯ ತಾಳ್ಮೆಯಿಂದ. ಹೀಗಾಗಿ ದೊಡ್ಡಪ್ಪ 'ಆಗೂದಿಲ್ಲ' ಎಂದರೆ ನನ್ನ ಮಟ್ಟಿಗೆ ಆ ಕೆಲಸ ಅರ್ಧ ಆದಂತೆಯೇ!

ತವರುಮನೆ, ಗಂಡನ ಮನೆ ಎರಡನ್ನೂ ಸೇರಿಸಿದರೂ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ಇದನ್ನು ನಾನಾಗಿಯೇ ಎಲ್ಲೂ ಹೇಳುವುದಿಲ್ಲ. ಯಾರಾದರೂ ಕೇಳಿದರೆ ಮಾತ್ರ ಹೇಳುತ್ತೇನೆ. ಅವರು ಕೇಳುವಂತೆ ಮಾತು ತಿರುಗಿಸುವುದಷ್ಟೇ ನನ್ನ ಕೆಲಸ.

ಕುಳಗೇರಿ ಕ್ರಾಸಿನಲ್ಲಿ ನಾನೂ ನಮ್ಮ ಯಜಮಾನರೂ ಸೇರಿ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನಡೆಸುತ್ತೇವೆ. ಗಿರಾಕಿ ಇಲ್ಲದಾಗ ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಚಿತ್ರ ಬಿಡಿಸುವುದು ನನ್ನ ಚಟ. ಮೌಸಿನಿಂದ ಚಿತ್ರ ಬಿಡಿಸುವುದೆಂದರೆ ಸಾಬೂನಿನ ತುಂಡು ಹಿಡಿದು ರಂಗೋಲಿ ಹಾಕಿದ ಹಾಗೆ. ಆದರೂ ಬಿಟ್ಟಿರಲಿಲ್ಲ. ಸಣ್ಣವಳಿದ್ದಾಗ ಮನೆಯ ಗೋಡೆಯ ತುಂಬ ಇದ್ದಿಲಿನಿಂದ ಕುರಿಗಳನ್ನು ಬರೆದು ಬೈಸಿಕೊಂಡವಳು ನಾನು. ಡಿಗ್ರಿ ಹೊಟ್ಟೆಗಾಗಿ ಮಾಡಿದ್ದು. ಚಿತ್ರ ಮಾತ್ರ ನನಗಾಗಿ.

ಅಷ್ಟರಲ್ಲಿ ಬಾಗಲಕೋಟೆಯ ಹವ್ಯಾಸಿ ಚಿತ್ರಕಾರರ ಬಳಗವೊಂದು ಡಿಜಿಟಲ್ ಚಿತ್ರಗಳ ಶಿಬಿರ ಏರ್ಪಡಿಸಿದ ಸುದ್ದಿ ಬಂತು. ಪೆನ್ನಿನಿಂದ ಚಿತ್ರ ಬಿಡಿಸುವ ಟ್ಯಾಬ್ಲೆಟ್ ಸ್ವಂತದ್ದು ತರಬೇಕು, ಎಲ್ಲರ ಎದುರು ಚಿತ್ರ ಬಿಡಿಸಬೇಕು, ಕೊನೆಗೆ ಸರ್ಟಿಫಿಕೇಟ್. ನಾನು ಕೂಡಲೇ ನಮ್ಮ ಮನೆತನದ ವಾಟ್ಸ್ಯಾಪ್ ಗ್ರೂಪಿನಲ್ಲಿ "ನಾನೂ ಹೋಗಿ ಸರ್ಟಿಫಿಕೇಟ್ ತರುತ್ತೇನೆ, ಎಲ್ಲರೂ ನೋಡಲು ಬರಬೇಕು" ಎಂದು ಹಾಕಿಬಿಟ್ಟೆ. ಆಗಲೇ ದೊಡ್ಡಪ್ಪನ ಧ್ವನಿ ಮೊಬೈಲಿನಲ್ಲಿ ಮೊಳಗಿದ್ದು. ಇನ್ನು ಹಿಂದೆ ಸರಿಯುವ ಪ್ರಶ್ನೆಯೇ ಇರಲಿಲ್ಲ.

ಟ್ಯಾಬ್ಲೆಟ್ ಆರಿಸುವುದಕ್ಕಾಗಿ ನಾನು ನಡೆಸಿದ ಅಧ್ಯಯನವನ್ನು ಬಿ.ಎ.ಗೆ ನಡೆಸಿದ್ದರೆ ರ‍್ಯಾಂಕ್ ಬರುತ್ತಿತ್ತು. ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿದೆ. ಪೆನ್ನನ್ನು ಮೆಲ್ಲಗೆ ಒತ್ತಿದರೆ ಗೆರೆ ತೆಳು, ಬಲವಾಗಿ ಒತ್ತಿದರೆ ದಪ್ಪ ಎಂಬುದನ್ನು ಯಜಮಾನರಿಗೆ ಉಣ್ಣುವಾಗಲೂ ವಿವರಿಸಿದೆ.

"ಏ ಮಾಳವ್ವಾ, ಅಗ್ಗದ್ದರಾಗ ಚೊಲೋದು ನೋಡಿ ತಗೋ. ಆದ್ರ ರೊಟ್ಟಿ ಸುಡಾಕತ್ತೈತಿ, ಮೊದಲ ಅದನ್ನ ನೋಡು" ಎಂದರು.

ಟ್ಯಾಬ್ಲೆಟ್ ಕೊಳ್ಳಲು ಜೊತೆಯಾಗಿ ಹೊರಟವರು ಮಾವನವರು. ಅಮೀನಗಡದ ಕುರಿ ಸಂತೆಯಲ್ಲಿ ವ್ಯಾಪಾರ ಮಾಡಿ ತಲೆಗೂದಲು ಬೆಳ್ಳಗಾಗಿಸಿಕೊಂಡವರು. "ನೀ ಓದಿದಾಕಿ ಖರೆ, ಆದ್ರ ವ್ಯಾಪಾರ ಬ್ಯಾರೆ" ಎಂದು ಹೆಗಲ ಮೇಲಿನ ಟವೆಲ್ ಕೊಡವಿ ಬಸ್ ಹತ್ತಿದರು.

ಬಾಗಲಕೋಟೆಯ ಅಂಗಡಿಯವನು ಎರಡು ಮೂರು ಡಬ್ಬಿ ತೆರೆದಿಟ್ಟ. ನಾನು ಬಾಯಿಪಾಠ ಮಾಡಿಕೊಂಡಿದ್ದ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದೆ: "ಪೆನ್ನಿಗೆ ಒತ್ತಿದ್ದು ಎಷ್ಟು ಸೂಕ್ಷ್ಮವಾಗಿ ಗೊತ್ತಾಗ್ತದ?"

"ಭಾಳ ಗೊತ್ತಾಗ್ತದ್ರಿ ಅಕ್ಕಾರ" ಎಂದ. ಸಂಶೋಧನೆ ಮುಗಿಯಿತು!

ಚಿತ್ರ ಬಿಡಿಸಿದಲ್ಲೇ ಕಾಣುವ, ಪರದೆ ಇರುವ ಟ್ಯಾಬ್ಲೆಟ್ ಮೇಲೆ ನಾನು ಕೈಯಿಟ್ಟೆ. ಮಾವನವರು ಅದನ್ನು ಎತ್ತಿದರು, ತೂಗಿದರು, ಬೆನ್ನು ತಟ್ಟಿದರು. ಹಲ್ಲು ಎಣಿಸುವುದೊಂದು ಉಳಿದಿತ್ತು. ಆಮೇಲೆ ಫಕ್ಕನೆ ಅಂಗಡಿಯವನ ಕೈ ಹಿಡಿದು ಅದರ ಮೇಲೆ ಟವೆಲ್ ಹೊದಿಸಿಬಿಟ್ಟರು.

ಕುರಿ ಸಂತೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಲ್ಲಿ ರೇಟನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಮಡಚಿ, ಒತ್ತಿ ಹೇಳುತ್ತಾರೆ. ಪಕ್ಕದವರಿಗೆ ಸುಳಿವು ಸಿಗಬಾರದು.

"ಅಜ್ಜಾರ, ಏನ್ ಮಾಡಾಕತ್ತೀರಿ?" ಅಂಗಡಿಯವನು ಚೀರಿದ.

"ಸುಮ್ಮನಿರಪಾ. ಮಂದಿ ಅದಾರ, ಬಾಯಿಲೆ ಆಡಬಾರದು."

ಟವೆಲ್ಲಿನ ಕೆಳಗೆ ಎರಡು ಹಾವುಗಳು ಕುಸ್ತಿ ಹಿಡಿದಂತೆ ಹೊರಳಾಟ ನಡೆಯಿತು. ಮಾವನವರ ಮುಖದಲ್ಲಿ ಗೆಲುವು ಮೂಡಿತು.

"ಆತು! ಒಪ್ಪಿದ!"

"ನಾ ಎಲ್ಲಿ ಒಪ್ಪೇನ್ರಿ? ಕೈ ಬಿಡಿಸಿಕೊಳ್ಳಾಕತ್ತಿದ್ನಿ!"

"ಬೆರಳ ಒತ್ತಿದ ಮ್ಯಾಲ ಮಾತು ತಿರುಗಸ್ತಾರೇನ್ ತಮ್ಮಾ? ಯಾವ ಊರು ನಿಂದು?"

ಅಂಗಡಿಗೆ ಬಂದವರೆಲ್ಲ ಸುತ್ತುಗಟ್ಟಿದರು. ಒಬ್ಬ ಹಿರಿಯರು, "ಒತ್ತಿದ್ರ ಆತು ಬಿಡಪಾ, ಅದು ಮಾತು ಕೊಟ್ಟಂಗ" ಎಂದು ತೀರ್ಪನ್ನೂ ಕೊಟ್ಟರು. ಅಂಗಡಿಯವನು ಬೆವರು ಒರೆಸಿಕೊಂಡು ಒಳಗಿನಿಂದ ಒಂದು ಕರಿ ಹಲಗೆಯಂಥದ್ದನ್ನು ತಂದ. "ಅಜ್ಜಾರ ಹೇಳಿದ ರೇಟಿಗೆ ಇದು ಬರ್ತದ. ಕೈ ಮುಗೀತೇನಿ, ಒಯ್ಯಿರಿ."

"ಇದೂ ಅದೂ ಕೆಲಸ ಒಂದೇನಾ?" ಕೇಳಿದೆ.

"ಒಂದ ರೀ."

ಎರಡೂ ಕಪ್ಪಗಿದ್ದವು. ಎರಡಕ್ಕೂ ಪೆನ್ನಿತ್ತು. ಅಷ್ಟೆಲ್ಲ ಅಧ್ಯಯನ ಮಾಡಿದ ನಾನು ವಿದ್ಯಾವಂತೆಯ ಹಾಗೆ ತಲೆಯಾಡಿಸಿದೆ.

ಮನೆಗೆ ಬಂದ ಹೊಸ ವಸ್ತುವಿಗೆ ಮನೆದೇವರು ಬೀರಪ್ಪನ ಭಂಡಾರ ಹಚ್ಚದೆ ಮುಟ್ಟುವಂತಿಲ್ಲ. ಅತ್ತೆಯವರು ಅರಿಶಿನದ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ ಹಲಗೆಯ ಒಂದು ಅಂಚಿಗೆ ಮೂರು ಬೆರಳಿನಿಂದ ಗಟ್ಟಿಯಾಗಿ ಬಳಿದರು. ಅಲ್ಲಿ ಏನೋ ಸಣ್ಣ ಅಕ್ಷರಗಳಿದ್ದವು. ಪೂರ್ತಿ ಮುಚ್ಚಿಹೋದವು. ದೇವರ ಭಂಡಾರ ಒರೆಸುವವರು ಯಾರು?

ಪೂಜೆಯಾಯಿತು. ಹಲಗೆ ಹೊತ್ತಿಕೊಳ್ಳಲಿಲ್ಲ. ಎಲ್ಲೆಲ್ಲಿ ಒತ್ತಲು ಬರುತ್ತದೋ ಅಲ್ಲೆಲ್ಲ ಒತ್ತಿದೆ. ಕೊನೆಗೆ ಯಜಮಾನರು ಡಬ್ಬಿಯ ಮೇಲಿನ ಚಿತ್ರ ನೋಡಿ ಹೇಳಿದರು: "ಇದಕ್ಕ ಪರದೆನ ಇಲ್ಲ! ಇದರ ಮ್ಯಾಲ ಗೀಚೂದು, ಕಂಪ್ಯೂಟರಿನ್ಯಾಗ ನೋಡೂದು."

ನಮ್ಮ ಅಂಗಡಿಯ ಕಂಪ್ಯೂಟರ್ ಡಬ್ಬ ಬಲಕ್ಕೆ, ಹಲಗೆಯ ಕೇಬಲ್ ಎಡಕ್ಕೆ. ಮುಟ್ಟಲಿಲ್ಲ. ಹಲಗೆಯನ್ನು ಅರ್ಧ ಸುತ್ತು ತಿರುಗಿಸಿ ಇಟ್ಟೆ. ಕೇಬಲ್ ಸಲೀಸಾಗಿ ಮುಟ್ಟಿತು. ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾದೆ.

ಪೆನ್ನು ಹಿಡಿದೆ. ಮೇಲಕ್ಕೆ ಎಳೆದರೆ ಗೆರೆ ಕೆಳಕ್ಕೆ ಹೋಯಿತು. ಎಡಕ್ಕೆ ಎಳೆದರೆ ಬಲಕ್ಕೆ ಓಡಿತು. ಒಂದು ಕುರಿ ಬಿಡಿಸಿದೆ. ನಾಲ್ಕೂ ಕಾಲು ಆಕಾಶಕ್ಕೆ!

ಮಾವನವರು ಕನ್ನಡಕ ಸರಿಮಾಡಿಕೊಂಡು, "ಯವ್ವಾ, ಹೊಸಾ ಸಾಮಾನ ತಂದೀವಿ, ಸತ್ತ ಕುರಿ ಯಾಕ ತಗದಿ?" ಎಂದರು.

ಬೇರೆ ಯಾರಾದರೂ ಆಗಿದ್ದರೆ ಏನೋ ತಪ್ಪಾಗಿದೆ ಎಂದುಕೊಳ್ಳುತ್ತಿದ್ದರು. ನಾನು ಹಾಗಲ್ಲ. ಡಿಜಿಟಲ್ ಕಲೆಯ ಕಷ್ಟವೇ ಇದಿರಬೇಕು, ಇಲ್ಲದಿದ್ದರೆ ಸರ್ಟಿಫಿಕೇಟ್ ಯಾಕೆ ಕೊಡುತ್ತಾರೆ ಎಂದು ನಿಶ್ಚಯಿಸಿದೆ. ಬಿ.ಎ.ಗೆ ಒಲೆಯ ಮುಂದೆ ಕೂತು ಓದಿದ ಛಲ ಅದು. ದಿನವೂ ತಾಲೀಮು ಮಾಡಿದೆ. ಕೆಳಗೆ ಎಳೆದು ಮೇಲಕ್ಕೆ ಗೋಪುರ ಏರಿಸಲು ಕಲಿತೆ. ಬಲಕ್ಕೆ ಎಳೆದು ಎಡಕ್ಕೆ ನೀರು ಹರಿಸಲು ಕಲಿತೆ. ಸಾಧನೆ ಎಂಥದೆಂದರೆ, ಯಜಮಾನರಿಗೆ ಬಡಿಸಬೇಕಾದ ಪಲ್ಯ ಎದುರಿಗೆ ಕೂತ ಮಾವನವರ ತಟ್ಟೆಗೆ ಬೀಳತೊಡಗಿತು.

"ಕಲಾ ಬರಾಕತ್ತೈತಿ ಇಕಿಗೆ, ಪಲ್ಯ ನನಗ ಬರವಲ್ದು" ಎಂದು ಯಜಮಾನರು ತಟ್ಟೆ ಬದಲಿಸಿಕೊಂಡರು.

ಶಿಬಿರದ ದಿನ ನನ್ನ ಆತ್ಮವಿಶ್ವಾಸ ನನಗಿಂತ ಮೊದಲೇ ಬಾಗಲಕೋಟೆ ತಲುಪಿತ್ತು. ದೊಡ್ಡಪ್ಪ ಒಂದು ಟೆಂಪೋ ತುಂಬ ಬಂಧುಬಳಗ ತಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಬಿಡಿಸಬೇಕೆಂದಿದ್ದದ್ದು ಚೊಳಚಗುಡ್ಡದ ಬನಶಂಕರಿಯ ಹೊಂಡ: ಸುತ್ತಲೂ ಕಲ್ಲಿನ ಕಂಬಸಾಲು, ನಡುವೆ ನೀರು, ಹಿಂದೆ ಗುಡಿ. ನಾವು ಬಿಡಿಸುತ್ತಿದ್ದಂತೆ ಅದು ಗೋಡೆಯ ಮೇಲೆ ದೊಡ್ಡದಾಗಿ ಮೂಡುವ ವ್ಯವಸ್ಥೆ ಇತ್ತು.

ಅಲ್ಲಿನ ಕಂಪ್ಯೂಟರಿಗೆ ಜೋಡಿಸಿ, ದಿನದ ರೂಢಿಯಂತೆಯೇ ಹಲಗೆ ಇಟ್ಟು ಪೆನ್ನು ಎತ್ತುವಷ್ಟರಲ್ಲಿ ಮೇಲ್ವಿಚಾರಣೆಯ ಹುಡುಗಿ ಬಂದಳು. "ಅಕ್ಕಾ, ಇದರ ಮ್ಯಾಲ ಅರಿಶಿನ ಬಿದ್ದದ ನೋಡ್ರಿ" ಎಂದು ನಾನು ತಡೆಯುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿಯೇ ಬಿಟ್ಟಳು. ಅಡಗಿದ್ದ ಅಕ್ಷರಗಳು ಕಂಡವು. ತಲೆಕೆಳಗಾಗಿ!

"ಅಯ್ಯ, ಉಲ್ಟಾ ಇಟ್ಟೀರಲ್ರಿ ಅಕ್ಕಾ!" ಎನ್ನುತ್ತ ತಿರುಗಿಸಿಟ್ಟಳು. "ಈಗ ನೋಡ್ರಿ, ಸರಿ ಆತು."

ಸರಿ ಆದದ್ದೇ ತಪ್ಪಾಯಿತು. ನನ್ನ ಕೈ ಕಲಿತದ್ದು ಉಲ್ಟಾ, ಹಲಗೆ ಈಗ ಸುಲ್ಟಾ. ಮತ್ತೆ ತಿರುಗಿಸಿ ಇಡಬಹುದಿತ್ತು. ಆದರೆ ಅಷ್ಟು ಜನರೆದುರು, ದೊಡ್ಡಪ್ಪನೆದುರು, ಓದಿದ ಹೆಂಗಸೊಬ್ಬಳು ಸರಿಯಿದ್ದದ್ದನ್ನು ತಲೆಕೆಳಗು ಮಾಡುವುದು ಹೇಗೆ? ಪೆನ್ನು ಊರಿದೆ.

ಗೋಪುರ ಎತ್ತಹೋದೆ, ಅದು ಗೋಡೆಯ ಮೇಲೆ ಬಾವಿಯ ಹಾಗೆ ಕೆಳಗಿಳಿಯಿತು. ಕಂಬಗಳು ಮೇಲಿಂದ ಜೋತುಬಿದ್ದವು. ಅಳಿಸಲು ಹೋಗಿ ಅಳಿಸಬಾರದ್ದನ್ನು ಅಳಿಸಿದೆ. ಹೊಂಡ ಆಕಾಶಕ್ಕೇರಿತು, ಗುಡಿ ನೆಲ ಹೊಕ್ಕಿತು. ನಮ್ಮ ಟೆಂಪೋ ಬಳಗ ಮೊದಲು ತಲೆ ವಾರೆ ಮಾಡಿತು. ಆಮೇಲೆ ಕುತ್ತಿಗೆಯನ್ನೇ ಬಗ್ಗಿಸಿತು. ಅತ್ತೆಯವರು ಮಾತ್ರ ಗೋಡೆಗೂ ಕೈ ಮುಗಿದರು.

ಗಂಟೆ ಹೊಡೆಯಿತು. ಮುಗಿಯಿತು.

ಕೊನೆಗೆ ಹೆಸರು ಕರೆದರು. ವೇದಿಕೆ ಹತ್ತಿದೆ. ಅಧ್ಯಕ್ಷರು ನಗುತ್ತ ಸರ್ಟಿಫಿಕೇಟ್ ಕೈಗಿಟ್ಟರು. ಬಂಗಾರದ ಅಂಚು, ದಪ್ಪ ಕಾಗದ, ನನ್ನ ಹೆಸರಿನ ಮುಂದೆ ಬಿ.ಎ. ಅಂತಲೂ ಇತ್ತು! ಎಲ್ಲ ಮರೆತು, ನೇರ ದೊಡ್ಡಪ್ಪನ ಮುಂದೆ ಹೋಗಿ ನಿಂತೆ. "ತಗೋರಿ ದೊಡ್ಡಪ್ಪಾ, ಬಂತಲ್ಲ?" ಎಂದು ಅದನ್ನು ಅವರ ಕೈಗೇ ಕೊಟ್ಟೆ.

ದೊಡ್ಡಪ್ಪ ಅವಸರ ಮಾಡಲಿಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆಮೇಲೆ ಬಂಧುಬಳಗದ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು:

"ಚಿತ್ರಾ ಚಂದ ತಗದಾಳ ಅಂತ ಇದರಾಗ ಎಲ್ಲೂ ಬರದಿಲ್ರಪಾ. ಇಕಿ ಬಂದಿದ್ಲು ಅಂತ ಅಷ್ಟ ಬರದಾರ. ಅದು ಖರೆ ಐತಿ ಬಿಡ್ರಿ, ನಾವೆಲ್ಲಾರೂ ನೋಡೇವಿ!"