ಗೋಲ್‌ಕೀಪರ್ ಪ್ಯಾಡಿನ ಮೇಲೆ ಹಣ್ಣು ಹುಳ

ಎಲ್ಲಕ್ಕೂ ಮೂಲ ಒಂದು ಬಕಲ್. ಹೆಬ್ಬೆರಳಿನಷ್ಟು ದೊಡ್ಡದಾದ ಕಪ್ಪು ಪ್ಲಾಸ್ಟಿಕ್ ಬಕಲ್. ಅದು ನವ್ಯಶ್ರೀಯ ಎಡಗಾಲಿನ ಪ್ಯಾಡಿನಿಂದ ಕಿತ್ತು ಬರದೇ ಇದ್ದಿದ್ದರೆ ಅಕ್ಕೂರಿನ ದೇವರಾಜು ಆ ಗುರುವಾರವೂ ಎಂದಿನಂತೆ ಉಂಡು, ಎಂದಿನಂತೆ ಅವ್ವನಿಂದ ಬೈಸಿಕೊಂಡು ಸುಮ್ಮನಿರುತ್ತಿದ್ದ.

ನವ್ಯಶ್ರೀ ಅವನ ಒಬ್ಬಳೇ ಮಗಳು. ಹದಿನೇಳು ವರ್ಷ. ಐಸ್ ಹಾಕಿಯಲ್ಲಿ ಗೋಲ್‌ಕೀಪರ್. ರಾಮನಗರದ ಶಾಲೆಯಲ್ಲಿ ಚಕ್ರದ ಬೂಟು ಕಟ್ಟಿಕೊಂಡು ಶುರುಮಾಡಿದವಳು ಹಾಜಿರಾ ಮೇಡಂ ಎಂಬ ಕೋಚ್ ಕಣ್ಣಿಗೆ ಬಿದ್ದು, ಹಿಮಾಚಲದ ಮಂಜುಗಡ್ಡೆಯ ಮೇಲೆ ಎರಡು ಚಳಿಗಾಲ ಬಿದ್ದು ಎದ್ದು, ಈಗ ಹದಿನೆಂಟರೊಳಗಿನ ಹೆಣ್ಣುಮಕ್ಕಳ ಅರ್ಹತಾ ಪಂದ್ಯಾವಳಿಗೆ ಕಜಕಿಸ್ತಾನಕ್ಕೆ ಹೊರಟು ನಿಂತಿದ್ದಳು. ಅಲ್ಲಿ ಗೆದ್ದರೆ ವಿಶ್ವ ಚಾಂಪಿಯನ್‌ಶಿಪ್ಪಿನ ಬಾಗಿಲು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ. ಹೋದರೆ ಈ ಸಲವೇ.

ಊರಿಗೆ ಈ ಆಟ ಅರ್ಥವಾಗಿರಲಿಲ್ಲ. ಪಕ್ಕದ ಮನೆಯ ನರಸಯ್ಯ ಎರಡು ವರ್ಷದಿಂದ ಒಂದೇ ಪ್ರಶ್ನೆ ಕೇಳುತ್ತಿದ್ದ: "ಐಸ್ ಮ್ಯಾಲೆ ನಿಂತ್ಕಂಡು ಆಡದಾ? ಕರಗೋಗಕಿಲ್ವೇನ್ಲಾ?" ದೇವರಾಜು ಎರಡು ವರ್ಷದಿಂದ ಉತ್ತರ ಹೇಳುತ್ತಲೇ ಇದ್ದ, ನರಸಯ್ಯ ಮಾರನೇ ದಿನ ಮತ್ತೆ ಕೇಳುತ್ತಲೇ ಇದ್ದ.

ತಂಡದ ಶಿಬಿರ ಬಿಡದಿಯಲ್ಲಿ. ಭಾನುವಾರ ಬಕಲ್ ಕಿತ್ತುಬಂದಾಗ, ಮಗಳನ್ನು ನೋಡಲು ಅಲ್ಲಿಗೆ ಹೋಗಿದ್ದ ದೇವರಾಜು ಎದೆ ಉಬ್ಬಿಸಿ, "ಅದೇನ್ ಮಹಾ, ನಾನ್ ಹೊಲಿಸ್ಕಂಡ್ ಬತ್ತೀನಿ ಕಣವ್ವ" ಎಂದು ಮಗಳ ಸಾಮಾನಿನ ಬ್ಯಾಗನ್ನೇ ಹೊತ್ತು ತಂದಿದ್ದ. ಚನ್ನಪಟ್ಟಣದಲ್ಲಿ ಹೊಲಿಗೆಯೂ ಆಯಿತು. ಎರಡು ವರ್ಷದ ಬೆವರು ಕುಡಿದ ಪ್ಯಾಡುಗಳ ವಾಸನೆ ತಡೆಯಲಾರದೆ ಹೆಂಡತಿ ರಾಧಾಮಣಿ ಎಲ್ಲವನ್ನೂ ತೊಳೆದು, ಹಿತ್ತಲಿನ ಹೊಂಗೆಯ ನೆರಳಿನಲ್ಲಿ ಒಣಹಾಕಿದಳು. ಕಾಲಿಗೆ ಕಟ್ಟುವ ಎರಡು ದಪ್ಪ ಪ್ಯಾಡು, ಎದೆಗಾಪು, ಎರಡು ಕೈಗವಸು, ಸರಳಿನ ಮುಖವಾಡ.

"ಗುರುವಾರ ನಾಲ್ಕು ಗಂಟೆಗೆ ಬಸ್ ಏರ್‌ಪೋರ್ಟಿಗೆ ಹೊರಡುತ್ತೆ" ಎಂದು ಹಾಜಿರಾ ಮೇಡಂ ಖಡಾಖಂಡಿತವಾಗಿ ಹೇಳಿದ್ದರು. "ಶಿಬಿರದಲ್ಲಿ ಮೂರು ಜನ ಗೋಲ್‌ಕೀಪರ್ ಇದಾರೆ. ನಾನು ಕಳಿಸಬೇಕಾಗಿರೋದು ಎರಡೇ ಹೆಸರು. ಪ್ಯಾಡ್ ಇಲ್ಲದವಳ ಹೆಸರು ಕಳಿಸೋಕಾಗಲ್ಲ."

ಗುರುವಾರ ಬೆಳಿಗ್ಗೆ ಅವ್ವ ಕಾವೇರಮ್ಮ ಹುಳುಮನೆಯಿಂದ ಕೂಗಿದಳು: "ಹಣ್ಣಾಗ್ಬುಟ್ಟವೆ ಕಣ್ಲಾ!"

ರೇಷ್ಮೆಹುಳ ಶನಿವಾರ ಹಣ್ಣಾಗಬೇಕಿತ್ತು. ಬಿಸಿಲಿನ ಝಳಕ್ಕೆ ಎರಡು ದಿನ ಮೊದಲೇ ಮೈ ಗಾಜಿನಂತಾಗಿ, ಸೊಪ್ಪು ಬಿಟ್ಟು, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಅವತ್ತೇ ಒಂದೊಂದನ್ನೂ ಆಯ್ದು ಚಂದ್ರಿಕೆಯ ಮೇಲೆ, ಅಂದರೆ ಸುರುಳಿ ಹೆಣೆದ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಇಲ್ಲದಿದ್ದರೆ ಸೊಪ್ಪು ಹಾಕಿ ಸಾಕುವ ತಟ್ಟೆಯಲ್ಲೇ ಒಂದರ ಮೇಲೊಂದು ಬಿದ್ದು ನೂಲೆಲ್ಲ ಹಾಳು.

ಸುದ್ದಿ ತಿಳಿದದ್ದೇ ನರಸಯ್ಯ ಏಳು ಜನರನ್ನು ಕಟ್ಟಿಕೊಂಡು ಮುಯ್ಯಾಳಾಗಿ ಬಂದ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಮುಯ್ಯಾಳಿಗೆ ಕೂಲಿಯಿಲ್ಲ. ಊಟ, ಕಾಫಿ, ಒಳ್ಳೆಯ ಮಾತು, ಅಷ್ಟೇ. ಮುಯ್ಯಾಳನ್ನು ಬೈದ ಮನೆಗೆ ಊರಿನಲ್ಲಿ ಮತ್ತೆ ಯಾರೂ ಕೈ ಹಚ್ಚುವುದಿಲ್ಲ.

ಚಂದ್ರಿಕೆ ಸಾಲದಾಯಿತು. ದೇವರಾಜು ಮೊಪೆಡ್ ಹತ್ತಿ ಪಕ್ಕದ ಊರುಗಳಿಗೆ ಓಡಿದ. ಬಿಸಿಲು ಅಲ್ಲಿಯೂ ಅದೇ ಬಿಸಿಲು, ಅಲ್ಲಿಯೂ ಹುಳ ಹಣ್ಣಾಗಿದ್ದವು. ಮೂರು ಊರು ಸುತ್ತಿ ಬರಿಗೈಯಲ್ಲಿ ಹನ್ನೆರಡಕ್ಕೆ ಹಿಂದಿರುಗಿದವನು ಹಿತ್ತಲಿಗೆ ಕಾಲಿಟ್ಟು ಅಲ್ಲೇ ನಿಂತುಬಿಟ್ಟ.

ಹೊಂಗೆಯ ಬುಡದಲ್ಲಿ ನವ್ಯಶ್ರೀಯ ಪ್ಯಾಡುಗಳು ಮಿಸುಕಾಡುತ್ತಿದ್ದವು.

ಪಟ್ಟಿಯ ಸಂದಿನಲ್ಲಿ ಹುಳ. ಮಡಿಕೆಯಲ್ಲಿ ಹುಳ. ಕೈಗವಸಿನ ಬೆರಳುಬೆರಳಲ್ಲಿ ಹುಳ. ನಾನೂರಕ್ಕೆ ಕಡಿಮೆಯಿಲ್ಲ. ಎಲ್ಲವೂ ತಲೆ ಅಲ್ಲಾಡಿಸುತ್ತ ಆಗಲೇ ಎಳೆ ಬಿಡಲು ಶುರುಮಾಡಿದ್ದವು.

"ನೀನ್ ಬರಾಗಂಟ ಕಾಯಕ್ಕಾಯ್ತದಾ?" ನರಸಯ್ಯನ ಮುಖ ಹಬ್ಬದಂತೆ ಬೆಳಗುತ್ತಿತ್ತು. "ಚಂದ್ರಿಕೆಗಿಂತ ವಾಸಿ ಕಣ್ಲಾ ಇದು. ಆ ಮಖವಾಡ ನೋಡು, ಒಂದೊಂದ್ ಕಿಟಕೀಗೆ ಒಂದೊಂದ್ ಹುಳ. ಸೈಟ್ ಹಂಚ್ದಂಗೆ ಹಂಚಿವ್ನಿ."

ದೇವರಾಜುವಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೆ ಎದುರಿಗಿದ್ದವನು ಮುಯ್ಯಾಳು. "ಬೋ ಚೆನ್ನಾಗ್ ಮಾಡಿದೀಯ ನರಸಯ್ಯಣ್ಣ" ಎಂದ. ಆಮೇಲೆ ಮೆಲ್ಲಗೆ, "ಇವು ಯಾವಾಗ ಇಳೀತವೆ?" ಎಂದ.

"ಗೊತ್ತಿಲ್ದೋನಂಗೆ ಕೇಳ್ತೀಯಲ್ಲ. ಐದ್ ದಿನ."

"ಐದ್ ದಿನವಾ? ನಾಕ್ ಗಂಟೆಗೆ ಬಸ್ಸು ಕಣಣ್ಣ! ಒಸಿ ಕಿತ್ ಬುಡಾನಾ?"

ಕಾವೇರಮ್ಮ ಅಡ್ಡ ಬಂದು ನಿಂತಳು. "ನೂಲ್ ಬುಡೋ ಹುಳ ಹೆರಿಗೆಗ್ ಕೂತ ಹೆಂಗ್ಸಿದ್ದಂಗೆ. ಮುಟ್ಟೀಯೆ? ನನ್ ಮ್ಯಾಲ್ ಆಣೆ."

ನರಸಯ್ಯನ ಬಳಿ ಉಪಾಯಗಳಿಗೆ ಬರವಿರಲಿಲ್ಲ. ಎಳೇ ಸೊಪ್ಪು ತೋರಿಸಿ ಹುಳಗಳನ್ನು ಪುಸಲಾಯಿಸು ಎಂದ. ಹಣ್ಣಾದ ಹುಳ ಸೊಪ್ಪು ಮೂಸುವುದಿಲ್ಲವೆಂದು ಹುಟ್ಟಿದಾಗಿನಿಂದ ಗೊತ್ತಿದ್ದ ದೇವರಾಜು ದಿಕ್ಕು ತೋಚದೆ ಅದನ್ನೂ ಮಾಡಿದ. ಹುಳಗಳು ಸೊಪ್ಪಿನ ಮೇಲೂ ನೂಲು ಬಿಟ್ಟವು. ಹಾಗಾದರೆ ಶಾಲೆಯಿಂದ ಕ್ರಿಕೆಟ್ ಪ್ಯಾಡ್ ತಂದುಬಿಡು ಎಂದ ನರಸಯ್ಯ. ದೇವರಾಜು ಓಡಿಹೋಗಿ ಬೇಡಿ ತಂದ. ಮನೆಯ ಮುಂದಿನ ಗೋಡೆಗೆ ಅವನ್ನು ಒರಗಿಸಿ, ವಿಡಿಯೋ ಕಾಲಿನಲ್ಲಿ ಕೋಚ್‌ಗೆ ತೋರಿಸಿದ.

"ದೇವರಾಜು ಅವರೇ, ಅದು ಕ್ರಿಕೆಟ್ಟಿಂದು" ಎಂದರು ಹಾಜಿರಾ ಮೇಡಂ. "ಅಲ್ಲಿ ರಬ್ಬರ್ ಬಿಲ್ಲೆ ಕಲ್ಲಿನ ಥರ ಹಾರಿ ಬರುತ್ತೆ. ನಿಮ್ಮ ಮಗಳ ಕಾಲು ವಾಪಸ್ ಬೇಕಲ್ವಾ ನಿಮಗೆ?"

"ಅಂಗಾದ್ರೆ ಹುಳದ್ ಸಮೇತವೇ ವಿಮಾನ ಹತ್ಸು" ಎಂದ ನರಸಯ್ಯ. "ಅಲ್ಲಾಡಿಸ್ದಂಗೆ ತೊಡೆ ಮ್ಯಾಲ್ ಇಕ್ಕಳ್ಳಿ. ಅಲ್ಲಿಗ್ ಹೋಗಾ ಹೊತ್ಗೆ ಗೂಡು."

ದೇವರಾಜು ಫೋನನ್ನು ಆ ಗೋಡೆಯ ಮೇಲೇ ಇಟ್ಟು ಹಿತ್ತಲಿಗೆ ಬಂದು ಪ್ಯಾಡಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಹಿಂದಿನ ದಿನ ಮಗಳು ಫೋನಿನಲ್ಲಿ ಹೇಳಿದ್ದು ಕಿವಿಯಲ್ಲಿತ್ತು: "ಪ್ಯಾಡ್ ಒಂದು ತಂದ್ಕೊಡಪ್ಪ. ಉಳಿದಿದ್ದು ನಾನ್ ನೋಡ್ಕತೀನಿ." ಆರು ವರ್ಷದವಳಿದ್ದಾಗಲೇ ದೊಡ್ಡವರಿಗಿಂತ ಬೇಗ ಹಣ್ಣು ಹುಳ ಆಯುತ್ತಿದ್ದ ಕೈ ಅವಳದು. ಆ ಕೈಯನ್ನು ತಪ್ಪಿಸಿ ಚೆಂಡು, ಬಿಲ್ಲೆ ಯಾವುದೂ ಹೋಗಲಾರದು ಎಂದು ದೇವರಾಜು ನಂಬಿದ್ದ. ಹುಟ್ಟಿದಾಗಿನಿಂದ ಅವಳು ಕೇಳಿದ್ದು ಇದೊಂದೇ, ಅದನ್ನೂ ಹಾಳುಮಾಡಿದೆನಲ್ಲ ಎಂದು ಅವನಿಗೆ ಅಳು ಬಂತು.

ಅವನು ಮೊದಲನೇ ಹುಳವನ್ನು ಕಿತ್ತ.

"ಅಯ್ಯಯ್ಯೋ!" ಎಂದು ಕಾವೇರಮ್ಮ ಎದೆ ಬಡಿದುಕೊಂಡಳು. ರಾಧಾಮಣಿ ಬಂದು ಪಕ್ಕದಲ್ಲಿ ಕುಳಿತು ಎರಡನೆಯದನ್ನು ಕಿತ್ತಳು.

ನರಸಯ್ಯನ ಮುಖ ಕಪ್ಪಿಟ್ಟಿತು. "ನಾವ್ ಬುಟ್ಟಿದ್ ಹುಳಾವ ನಮ್ ಕಣ್ಮುಂದೇನೆ ಕೀಳ್ತಾವ್ನೆ! ಬೈದಿದ್ರೂ ತಡ್ಕತಿದ್ದೆ ಕಣ್ಲಾ" ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ಏಳು ಜನವೂ ಹಿಂದೆಯೇ ಹೊರಟರು. ಹುಳುಮನೆಯಲ್ಲಿ ಅರ್ಧಕ್ಕರ್ಧ ತಟ್ಟೆಗಳು ಹಾಗೇ ಉಳಿದವು.

ಎಳೆಗಳು ಬೆರಳಿಗೆ ಅಂಟಿದವು. ಕಿತ್ತು ಮೊರಕ್ಕೆ ಹಾಕಿದ ಹುಳ ಮತ್ತೆ ಅವನ ಅಂಗಿಯ ಮೇಲೆ ಏರಿ ಜೇಬಿನ ಮೂಲೆಯಲ್ಲಿ ಗೂಡಿಗೆ ಜಾಗ ನೋಡಿತು. ಎರಡೂಕಾಲಕ್ಕೆ ಕೊನೆಯ ಹುಳ ಪ್ಯಾಡು ಬಿಟ್ಟಿತು.

"ನೀವ್ ಹೋಗಿ" ಎಂದಳು ರಾಧಾಮಣಿ. "ಹುಳ ಹೋದ್ರೆ ಇನ್ನೊಂದ್ ಬೆಳೆ ತಗೀಬೋದು. ಅವ್ಳಿಗೆ ಇನ್ನೊಂದ್ ವರ್ಸ ಎಲ್ಲೈತೆ? ಒಳಗಿರೋ ಹುಳಾವ ನಾನೂ ಅತ್ತೇನೂ ಆದಷ್ಟ್ ಬುಡ್ತೀವಿ."

ದೇವರಾಜು ಎಮ್ಮೆಗರುವಿನಷ್ಟಿದ್ದ ಬ್ಯಾಗನ್ನು ಮೊಪೆಡ್ಡಿಗೆ ಬಿಗಿದು ಹಾರಿದ. ಹೆದ್ದಾರಿಗೆ ಮೊಪೆಡ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ. ಫೋನ್ ಗೋಡೆಯ ಮೇಲೇ ಉಳಿದದ್ದು ಚನ್ನಪಟ್ಟಣ ದಾಟಿದ ಮೇಲೆ ನೆನಪಾಯಿತು. ರಾಮನಗರದ ಹತ್ತಿರ ಗಾಡಿ ಕೆಮ್ಮಿ ನಿಂತಿತು. ತಳ್ಳಿದ, ಒದ್ದ, ಕೈ ಮುಗಿದ. ಕೈ ಮುಗಿದಾಗ ಸ್ಟಾರ್ಟ್ ಆಯಿತು. ಬಿಡದಿಯ ಶಿಬಿರದ ಗೇಟು ಮುಟ್ಟಿದಾಗ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

ಬಸ್ಸು ನಿಂತೇ ಇತ್ತು! ದೇವರಾಜು ಬ್ಯಾಗನ್ನು ತಲೆಯ ಮೇಲೆ ಹೊತ್ತು ಓಡಿದ. "ಮೇಡಂ! ತಂದೆ ಮೇಡಂ! ಒಂದ್ ಎಳೆ ಇಲ್ದಂಗೆ ಕ್ಲೀನ್ ಮಾಡಿವ್ನಿ! ಎಲ್ಲವ್ಳೆ ನಮ್ ನವ್ಯಾ?"

ಹಾಜಿರಾ ಮೇಡಂ ಬ್ಯಾಗನ್ನು ನೋಡಿದರು, ಅವನನ್ನು ನೋಡಿದರು, ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ನವ್ಯಶ್ರೀ ಎರಡು ಗಂಟೆಗೇ ಊರಿಗೆ ಹೋದಳು."

"ಊರ್ಗಾ? ಯಾವೂರ್ಗೆ?"

"ನರಸಯ್ಯ ಅಂತ ಯಾರೋ ಫೋನ್ ಮಾಡಿದ್ರಂತೆ. ಪ್ಯಾಡ್ ತುಂಬ ಹುಳ ಐತೆ, ಐದು ದಿನ ಬಿಡಲ್ಲ, ನಿಮ್ಮಪ್ಪ ಹುಚ್ಚನ ಥರ ಕೀಳ್ತಾ ಕೂತವ್ನೆ, ಆಳೆಲ್ಲ ಹೊರಟುಹೋದ್ರು, ಬೆಳೆ ಹೋಯ್ತು ಅಂದ್ರಂತೆ. ನಿಮಗೆ ಹತ್ತು ಸಲ ಮಾಡಿದಳು. ನೀವು ಎತ್ತಲಿಲ್ಲ. 'ಪ್ಯಾಡಂತೂ ಇಲ್ಲ, ಹುಳನಾದ್ರೂ ಉಳೀಲಿ ಮೇಡಂ' ಅಂದಳು. ನಾನೇ ಬಸ್ ಹತ್ತಿಸಿ ಬಂದೆ." ಮೇಡಂ ಕಣ್ಣೊರೆಸಿಕೊಂಡರು. "ಆಮೇಲೆ ನಯನಾ ಹೆಸರು ಕಳಿಸಿದೆ. ಕಳಿಸಿದ ಹೆಸರು ಬದಲಾಯಿಸೋ ಹಾಗಿಲ್ಲ."

ದೇವರಾಜು ಸರ್ವಿಸ್ ರಸ್ತೆಯಲ್ಲಿ ಗಾಡಿ ತಳ್ಳುತ್ತಿದ್ದಾಗ ಅವಳ ಬಸ್ಸು ಪಕ್ಕದ ಹೆದ್ದಾರಿಯಲ್ಲೇ ಹಾದುಹೋಗಿರಬೇಕು. ಅವನಿಗೆ ಬೈಯಲೂ ಯಾರೂ ಸಿಗಲಿಲ್ಲ.

ಅಷ್ಟರಲ್ಲಿ ನಯನಾ ಎಂಬ ಆ ಮೂರನೇ ಹುಡುಗಿ ಹಿಂಜರಿಯುತ್ತ ಬಂದು ನಿಂತಳು. "ಅಂಕಲ್, ನನ್ನ ಪ್ಯಾಡ್ ಮೊಣಕಾಲ ಹತ್ರ ಹರಿದುಹೋಗಿದೆ. ಇದನ್ನ... ವಾಪಸ್ ತಂದ್ಕೊಡ್ತೀನಿ."

ದೇವರಾಜು ತುಸು ಹೊತ್ತು ಅವಳ ಕಾಲುಗಳನ್ನೇ ನೋಡಿದ. ಆಮೇಲೆ ತಾನೇ ಬ್ಯಾಗು ಬಿಚ್ಚಿ, "ಎಡಗಾಲಿಂದು ಹೊಸಾ ಬಕಲ್ ಕಣವ್ವ, ಒಸಿ ಬಿಗಿ ಐತೆ, ನಿಧಾನಕ್ಕೆ ಎಳಿ" ಎಂದು ತೋರಿಸಿಕೊಟ್ಟ. ಪ್ಯಾಡುಗಳು ಬಸ್ಸು ಹತ್ತಿದವು.

ಮೇಡಂ ತಮ್ಮ ಫೋನಿನಿಂದ ಅವನ ನಂಬರಿಗೆ ಮಾಡಿ ಅವನ ಕೈಗೆ ಕೊಟ್ಟರು. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಮಗಳು ಎತ್ತಿದಳು. ಓಡಿ ಬಂದವಳ ಏದುಸಿರು.

"ಹಲೋ, ಯಾರು?"

"ನಾನು ಕಣವ್ವ."

"ಅಪ್ಪಾ! ಈಗ್ ತಾನೆ ಬಂದೆ, ನಿನ್ ಫೋನು ಮುಂದ್ಗಡೆ ಗೋಡೆ ಮ್ಯಾಲ್ ಹೊಡ್ಕತಿತ್ತು. ಇನ್ನೂ ಒಳಕ್ಕೂ ಹೋಗಿಲ್ಲ. ನೀನ್ ಗಾಬ್ರಿ ಆಗ್ಬೇಡ. ನರಸಯ್ಯ ದೊಡ್ಡಪ್ಪನ್ ಮನೆಗ್ ಹೋಗಿ ಕೈ ಮುಗ್ದು ಎಲ್ರುನೂ ಕರ್ಕಂಡ್ ಬತ್ತೀನಿ. ಒಂದ್ ಹುಳಾನೂ ಹಾಳಾಗಕ್ ಬುಡಕಿಲ್ಲ. ಎಲ್ಲಿದೀಯ ನೀನು, ಯಾರ್ ಫೋನಿಂದ ಮಾಡ್ತಿದೀಯ?"

ಬಸ್ಸು ಕದಲಿತು. ಕಿಟಕಿಯಲ್ಲಿ ಹುಡುಗಿಯರು ಹಾಡುತ್ತಿದ್ದರು. ಹಾಜಿರಾ ಮೇಡಂ ಬಾಗಿಲಲ್ಲಿ ನಿಂತು ಫೋನಿಗಾಗಿ ಕೈ ಚಾಚಿದ್ದರು.

"ಇಲ್ಲೇ... ಚಂದ್ರಿಕೆ ಹುಡಿಕ್ಕಂಡ್ ಬಂದಿದ್ದೆ ಕಣವ್ವ" ಎಂದ ದೇವರಾಜು, ಬಸ್ಸಿನ ಜೊತೆಗೆ ಹೆಜ್ಜೆ ಹಾಕುತ್ತ.

"ಸಿಕ್ತಾ?"

"ಇಲ್ಲ."

"ಹೋಗ್ಲಿ ಬುಡಪ್ಪ" ಎಂದಳು ನವ್ಯಶ್ರೀ. "ಸಾಲ್ದಿದ್ರೆ ನನ್ ಪ್ಯಾಡ್ ಐತಲ್ಲ."